ಚರ್ಮದ ಹದ, ಶ್ರಾವಕನ ಹೊಣೆ

ಬಸದಿಯ ಮಹಾದ್ವಾರದ ಹೊರಗೆ ಪಾದರಕ್ಷೆ ಬಿಟ್ಟು, ಸೊಂಟದ ಬೆಲ್ಟನ್ನೂ ಕಿಸೆಯ ಹಣದ ಚೀಲವನ್ನೂ ತೆಗೆದಿರಿಸಿ, ಕಾಲು ತೊಳೆದು ಒಳಗೆ ಹೋಗುವುದು ನಮ್ಮಲ್ಲಿ ರೂಢಿಯಾಗಿರುವ ನಡವಳಿಕೆ. ಚರ್ಮದ ವಸ್ತುಗಳನ್ನು ಒಳಗೆ ತರಬಾರದೆಂಬ ಫಲಕವನ್ನು ಅನೇಕ ಬಸದಿಗಳಲ್ಲಿ ಕಾಣುತ್ತೇವೆ. ದರ್ಶನ ಮುಗಿದೊಡನೆ ಅದೇ ಬೆಲ್ಟನ್ನು ಬಿಗಿದು, ಅದೇ ಪಾದರಕ್ಷೆಯನ್ನು ಮೆಟ್ಟಿ ಮನೆಗೆ ಮರಳುತ್ತೇವೆ. ಒಳಗೆ ತಂದರೆ ದೋಷವಾಗುವ ವಸ್ತು ಹೊರಗೆ ಧರಿಸಿದರೆ ಹೇಗೆ ನಿರ್ದೋಷವಾಯಿತೆಂದು ಕೇಳುವವರು ವಿರಳ. ದೋಷವಿರುವುದು ಸ್ಥಳದಲ್ಲೋ ವಸ್ತುವಿನಲ್ಲೋ? ಸ್ಥಳದಲ್ಲಿ ಎಂದಾದರೆ ಅದು ಮಡಿಯ ಮಾತಾಯಿತು, ಅಹಿಂಸೆಯ ಮಾತಾಗಲಿಲ್ಲ. ವಸ್ತುವಿನಲ್ಲಿ ಎಂದಾದರೆ ಬಸದಿಯ ಮೆಟ್ಟಿಲು ಆ ದೋಷದ ಎಲ್ಲೆಯಾಗಲಾರದು.

ನಮ್ಮ ಹಿರಿಯರು ಈ ವಿಷಯದಲ್ಲಿ ಎಷ್ಟು ಸೂಕ್ಷ್ಮವಾಗಿದ್ದರೆಂದರೆ, ಚರ್ಮದ ಪಾತ್ರೆಯಲ್ಲಿಟ್ಟ ನೀರು, ಎಣ್ಣೆ, ತುಪ್ಪ, ಇಂಗುಗಳನ್ನು ಸಹ ಮಾಂಸತ್ಯಾಗಕ್ಕೆ ತಗಲುವ ಅತಿಚಾರಗಳಲ್ಲಿ ಎಣಿಸಿದರು. ಅಂಥ ಪರಂಪರೆಯ ವಾರಸುದಾರರಾದ ನಾವು ಇಂದು ಚರ್ಮದ ಕುರಿತು ಹೇಳುವ ಸಮಾಧಾನಗಳು ಮೂರು ನಾಲ್ಕು. ಪಶುವನ್ನು ಕೊಲ್ಲುವುದು ಮಾಂಸಕ್ಕಾಗಿ, ಚರ್ಮ ಕೇವಲ ಉಪ ಉತ್ಪನ್ನ ಎಂಬುದು ಮೊದಲನೆಯದು. ಕಾರ್ಖಾನೆಯಲ್ಲಿ ರಾಸಾಯನಿಕ ಸಂಸ್ಕಾರ ಪಡೆದ ಮೇಲೆ ಅದು ಪಶುವಿನ ಅಂಗವಾಗಿ ಉಳಿಯುವುದಿಲ್ಲ ಎಂಬುದು ಎರಡನೆಯದು. ಕೊಳೆಯದ ವಸ್ತುವಿನಲ್ಲಿ ಜೀವೋತ್ಪತ್ತಿಯಿಲ್ಲವಾದ್ದರಿಂದ ದೋಷವೂ ಇಲ್ಲ ಎಂಬುದು ಮೂರನೆಯದು. ವ್ಯಾಪಾರಿಗಳಾದವರು ಇದಕ್ಕೆ, ಇದು ಗೃಹಸ್ಥನಿಗೆ ಅನಿವಾರ್ಯವಾದ ಉದ್ಯೋಗೀ ಹಿಂಸೆ ಎಂಬ ನಾಲ್ಕನೆಯದನ್ನು ಸೇರಿಸುತ್ತಾರೆ. ಈ ನಾಲ್ಕೂ ನಿಲ್ಲತಕ್ಕವಲ್ಲ ಎಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ. ಅದಕ್ಕೆ ಮೊದಲು ಚರ್ಮ ಹದವಾಗುವ ಬಗೆಯನ್ನು ಅರಿಯಬೇಕು. ಅರಿಯದೆ ಖಂಡಿಸುವುದು ಸಹ ಪ್ರಮಾದವೇ.

ತೊಗಲಿನ ಮುಖ್ಯ ದ್ರವ್ಯ ಕೊಲಾಜೆನ್ ಎಂಬ ಪ್ರೋಟೀನು. ಮೂರು ಎಳೆಗಳು ಹಗ್ಗದಂತೆ ಹೊಸೆದುಕೊಂಡು ಅದರ ಒಂದೊಂದು ಅಣುವಾಗಿರುತ್ತದೆ. ಅಂಥ ಅಣುಗಳು ಸೇರಿ ನಾರುಗಳಾಗುತ್ತವೆ, ನಾರುಗಳು ಹೆಣೆದು ತೊಗಲಾಗುತ್ತದೆ. ಪಶುವಿನ ದೇಹದಿಂದ ಬೇರ್ಪಟ್ಟ ಗಳಿಗೆಯಿಂದ ತೊಗಲು ಕೊಳೆಯಲು ಆರಂಭಿಸುವುದರಿಂದ ಮೊದಲು ಅದನ್ನು ಉಪ್ಪಿನಲ್ಲಿ ಹೂಳುತ್ತಾರೆ. ಟ್ಯಾನರಿಗೆ ಬಂದ ಮೇಲೆ ನೀರಿನಲ್ಲಿ ನೆನೆಸಿ, ಸುಣ್ಣ ಮತ್ತು ಸೋಡಿಯಂ ಸಲ್ಫೈಡ್‌ನಲ್ಲಿಟ್ಟು ಕೂದಲು ಕಳಚುತ್ತಾರೆ. ಒಳಮೈಗೆ ಅಂಟಿದ ಮಾಂಸವನ್ನು ಹೆರೆದು, ಸುಣ್ಣವನ್ನು ತೆಗೆದು, ಕಿಣ್ವಗಳಿಂದ ಮೃದುಗೊಳಿಸಿ, ಕೊನೆಗೆ ಉಪ್ಪು ಮತ್ತು ಗಂಧಕಾಮ್ಲ ಬೆರೆಸಿದ ನೀರಿನಲ್ಲಿ ತಿರುಗಿಸುತ್ತಾರೆ. ಆಗ ತೊಗಲಿನ ಪಿ.ಹೆಚ್. ಮೂರರ ಆಸುಪಾಸಿಗೆ ಇಳಿಯುತ್ತದೆ.

ಕ್ರೋಮಿಯಂ ಪ್ರವೇಶಿಸುವುದು ಈ ಹಂತದಲ್ಲಿ. ಹಸಿರು ಬಣ್ಣದ ಪುಡಿಯಾದ ಬೇಸಿಕ್ ಕ್ರೋಮಿಯಂ ಸಲ್ಫೇಟನ್ನು, ನೂರು ಕಿಲೋ ತೊಗಲಿಗೆ ಸುಮಾರು ಎಂಟು ಕಿಲೋದಂತೆ, ತಿರುಗುವ ದೊಡ್ಡ ಪೀಪಾಯಿಯೊಳಕ್ಕೆ ಹಾಕುತ್ತಾರೆ. ಕೊಲಾಜೆನ್ನಿನ ಎಳೆಗಳಲ್ಲಿ ಆಸ್ಪಾರ್ಟಿಕ್ ಮತ್ತು ಗ್ಲುಟಾಮಿಕ್ ಆಮ್ಲಗಳ ಕವಲುಗಳಿವೆ. ಅವುಗಳ ತುದಿಯಲ್ಲಿರುವ ಕಾರ್ಬಾಕ್ಸಿಲ್ ಗುಂಪುಗಳೇ ಕ್ರೋಮಿಯಂ ಹಿಡಿದುಕೊಳ್ಳುವ ಜಾಗ. ಆದರೆ ತೀವ್ರ ಆಮ್ಲದಲ್ಲಿ ಈ ಗುಂಪುಗಳು ಹೈಡ್ರೋಜನ್ನಿನಿಂದ ಮುಚ್ಚಿಕೊಂಡಿರುವುದರಿಂದ ಕ್ರೋಮಿಯಮ್ಮಿನೊಡನೆ ಕೂಡಿಕೊಳ್ಳುವುದಿಲ್ಲ. ಆ ಸ್ಥಿತಿಯಲ್ಲಿ ಕ್ರೋಮಿಯಂ ಸಂಕೀರ್ಣಗಳೂ ಚಿಕ್ಕವಾಗಿರುತ್ತವೆ. ಹೀಗಾಗಿ ಅವು ಎಲ್ಲಿಯೂ ತಡೆಯದೆ ತೊಗಲಿನ ನಟ್ಟನಡುವಿನ ತನಕ ಇಳಿದುಹೋಗುತ್ತವೆ. ಮೊದಲೇ ಅಂಟಿಬಿಟ್ಟರೆ ಮೇಲ್ಮೈ ಮಾತ್ರ ಹದವಾಗಿ ಒಳಭಾಗ ಹಸಿಯಾಗಿಯೇ ಉಳಿದೀತು. ಆದ್ದರಿಂದ ಹದಗಾರನು ಮೊದಲು ಒಳಹೊಗಿಸುತ್ತಾನೆ, ಅನಂತರ ಬಂಧಿಸುತ್ತಾನೆ. ಒಳಹೊಕ್ಕಿತೆಂದು ತೊಗಲಿನ ಅಂಚನ್ನು ಕತ್ತರಿಸಿ ಬಣ್ಣ ನೋಡಿ ಖಚಿತಪಡಿಸಿಕೊಂಡು, ಅಡುಗೆ ಸೋಡದಂಥ ಕ್ಷಾರವನ್ನು ಸ್ವಲ್ಪಸ್ವಲ್ಪವಾಗಿ ಬೆರೆಸುತ್ತಾನೆ. ಪಿ.ಹೆಚ್. ನಾಲ್ಕರ ಸಮೀಪಕ್ಕೆ ಏರುತ್ತಿದ್ದಂತೆ ಕಾರ್ಬಾಕ್ಸಿಲ್ ಗುಂಪುಗಳು ತೆರೆದುಕೊಳ್ಳುತ್ತವೆ. ಕ್ರೋಮಿಯಂ ಅಣುಗಳು ತಮ್ಮತಮ್ಮಲ್ಲಿಯೇ ಸೇತುವೆ ಕಟ್ಟಿಕೊಂಡು ದೊಡ್ಡವಾಗುತ್ತವೆ, ಎಳೆಗೂ ಎಳೆಗೂ ನಡುವೆ ಕೊಂಡಿ ಹಾಕುತ್ತವೆ. ಸುಮಾರು 60ರಿಂದ 65 ಡಿಗ್ರಿ ಸೆಲ್ಸಿಯಸ್ ಬಿಸಿಗೆ ಮುದುಡಿಹೋಗುತ್ತಿದ್ದ ತೊಗಲು ಈಗ ಕುದಿಯುವ ನೀರಿನಲ್ಲಿಯೂ ಮುದುಡುವುದಿಲ್ಲ. ತಿಳಿನೀಲಿ ಬಣ್ಣದ ಈ ಒದ್ದೆ ಚರ್ಮಕ್ಕೆ ವ್ಯಾಪಾರದಲ್ಲಿ ವೆಟ್ ಬ್ಲೂ ಎಂದು ಹೆಸರು.

ತತ್ತ್ವಾರ್ಥಸೂತ್ರದ ಆರನೆಯ ಮತ್ತು ಎಂಟನೆಯ ಅಧ್ಯಾಯಗಳನ್ನು ಓದಿದವರಿಗೆ ಇದು ಅಪರಿಚಿತವೆನಿಸದು. ಒಳಹರಿಯುವುದು ಆಸ್ರವ, ಅಂಟಿಕೊಳ್ಳುವುದು ಬಂಧ. ಮನ ವಚನ ಕಾಯಗಳ ಸ್ಪಂದನವಾದ ಯೋಗದಿಂದ ಕರ್ಮಪುದ್ಗಲ ಒಳಬರುತ್ತದೆ. ಅದು ಎಷ್ಟು ಕಾಲ ನಿಲ್ಲುತ್ತದೆ, ಎಷ್ಟು ತೀವ್ರವಾಗಿ ಫಲ ಕೊಡುತ್ತದೆ ಎಂಬುದನ್ನು ನಿಶ್ಚಯಿಸುವುದು ಕಷಾಯ. ಕಷಾಯವಿಲ್ಲದವನಲ್ಲಿ ಬಂದ ಕರ್ಮ ನಿಲ್ಲದೆ ಹೋಗುತ್ತದೆ, ಅದು ಈರ್ಯಾಪಥ. ಕಷಾಯವುಳ್ಳವನಲ್ಲಿ ಬಂದದ್ದು ಬೇರೂರುತ್ತದೆ, ಅದು ಸಾಂಪರಾಯಿಕ. ನಮ್ಮ ನಾಡಿನವರೇ ಆದ ಪೂಜ್ಯಪಾದ ಆಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಕಷಾಯ ಶಬ್ದವನ್ನು ವಿವರಿಸುವಾಗ ಆಲ ಮುಂತಾದ ಮರಗಳ ಒಗರು ರಸವನ್ನು ಹೋಲಿಕೆಯಾಗಿ ಕೊಡುತ್ತಾರೆ. ತಂಗಡಿ ಚಕ್ಕೆ, ಜಾಲಿ ಚಕ್ಕೆ, ಅಳಲೆಕಾಯಿಗಳಿಂದ ನಮ್ಮ ಹಳ್ಳಿಗಳಲ್ಲಿ ತೊಗಲು ಹದ ಮಾಡುತ್ತಿದ್ದುದು ಅಂಥ ಒಗರಿನಿಂದಲೇ. ಮರದ ಒಗರು ವಾರಗಟ್ಟಲೆ ತೆಗೆದುಕೊಳ್ಳುತ್ತಿದ್ದ ಕೆಲಸವನ್ನು ಕ್ರೋಮಿಯಂ ಒಂದೆರಡು ದಿನಗಳಲ್ಲಿ ಮುಗಿಸುತ್ತದೆ.

ಹೋಲಿಕೆ ಪ್ರಮಾಣವಲ್ಲ. ಆದರೂ ಅದು ಎರಡನೆಯ ಸಮಾಧಾನದ ಪೊಳ್ಳನ್ನು ತೋರಿಸಬಲ್ಲದು. ರಾಸಾಯನಿಕ ಸಂಸ್ಕಾರದಿಂದ ಚರ್ಮ ಬೇರೊಂದು ವಸ್ತುವಾಯಿತೆನ್ನುವವರು ಗಮನಿಸಬೇಕು. ಕ್ರೋಮಿಯಂ ಚರ್ಮದಲ್ಲಿ ಕ್ರೋಮಿಯಂ ಆಕ್ಸೈಡಿನ ಪಾಲು ನೂರಕ್ಕೆ ನಾಲ್ಕರ ಆಸುಪಾಸು. ಆಮೇಲೆ ಹಾಕುವ ಕೊಬ್ಬೆಣ್ಣೆ, ಬಣ್ಣಗಳನ್ನು ಕಳೆದರೆ ಉಳಿದ ಬಹುಭಾಗವೆಲ್ಲ ಆ ಪಶು ಬದುಕಿದ್ದಾಗ ಅದರ ಮೈಮೇಲಿದ್ದ ಕೊಲಾಜೆನ್ನೇ. ಲೋಹ ಅದನ್ನು ಮಾರ್ಪಡಿಸಿ ಇನ್ನೊಂದಾಗಿಸಲಿಲ್ಲ. ಕೊಳೆತು ಮಣ್ಣಿಗೆ ಸೇರಬೇಕಾಗಿದ್ದುದನ್ನು ಕೊಳೆಯದಂತೆ ಕಟ್ಟಿಹಾಕಿತು. ಶವವನ್ನು ಕೆಡದಂತೆ ಕಾಪಿಟ್ಟ ಮಾತ್ರಕ್ಕೆ ಅದು ಶವವಲ್ಲವೆಂದಾಗುತ್ತದೆಯೆ?

ಮೂರನೆಯ ವಾದ ಇದಕ್ಕಿಂತ ಚತುರವಾದುದು. ತಾನಾಗಿಯೇ ಸತ್ತ ಪಶುವಿನ ಮಾಂಸದಲ್ಲಿಯೂ ಹಿಂಸೆಯಿದೆ, ಏಕೆಂದರೆ ಅದನ್ನಾಶ್ರಯಿಸಿ ಹುಟ್ಟುವ ನಿಗೋದ ಜೀವಿಗಳ ನಾಶವಾಗುತ್ತದೆ ಎಂದು ಅಮೃತಚಂದ್ರಸೂರಿಗಳು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಪ್ರತಿಪಾದಿಸಿದ್ದಾರೆ. ಹದವಾದ ಚರ್ಮ ಕೊಳೆಯುವುದಿಲ್ಲ, ಆದ್ದರಿಂದ ಈ ದೋಷ ಅದಕ್ಕಿಲ್ಲ ಎಂಬುದು ಇವರ ತರ್ಕ. ಆದರೆ ಕೊಳೆಯದ ಸ್ಥಿತಿ ತಾನಾಗಿ ಬಂದುದಲ್ಲ. ಉಪ್ಪಿನಲ್ಲಿ, ನೆನೆಯುವ ನೀರಿಗೆ ಬೆರೆಸುವ ಕ್ರಿಮಿನಾಶಕದಲ್ಲಿ, ಸುಣ್ಣದಲ್ಲಿ, ಆಮ್ಲದಲ್ಲಿ ಆ ಸೂಕ್ಷ್ಮಜೀವಿಗಳನ್ನು ಹಂತಹಂತವಾಗಿ ನಾಶಪಡಿಸಿಯೇ ಆ ಸ್ಥಿತಿಯನ್ನು ಸಾಧಿಸಿರುತ್ತಾರೆ. ಅಂಗಡಿಯ ಗಾಜಿನ ಹಿಂದೆ ಹೊಳೆಯುವ ಚರ್ಮ ಶುದ್ಧವಾಗಿ ಕಾಣುವುದು, ಅದರ ಹಿಂಸೆಯೆಲ್ಲ ನಮ್ಮ ಕಣ್ಣಿಗೆ ಬೀಳದ ಊರಿನಲ್ಲಿ ಮುಗಿದುಹೋಗಿರುವುದರಿಂದ.

ಆ ಊರು ಬಹಳ ದೂರದಲ್ಲೇನೂ ಇಲ್ಲ. ನಮ್ಮ ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ ಕೋಲಾರದ ನೆಲದಲ್ಲಿ ಹರಿಯುವ ಪಾಲಾರ್ ನದಿ ಆಂಧ್ರವನ್ನು ದಾಟಿ ತಮಿಳುನಾಡನ್ನು ಹೊಕ್ಕಾಗ ವಾಣಿಯಂಬಾಡಿ, ಆಂಬೂರು, ರಾಣಿಪೇಟೆಗಳ ಟ್ಯಾನರಿಗಳನ್ನು ಎದುರುಗೊಳ್ಳುತ್ತದೆ. ಪೀಪಾಯಿಗೆ ಹಾಕಿದ ಕ್ರೋಮಿಯಂ ಪೂರ್ತಿಯಾಗಿ ಚರ್ಮಕ್ಕೆ ಅಂಟುವುದಿಲ್ಲ. ಸಾಮಾನ್ಯ ವಿಧಾನದಲ್ಲಿ ನೂರಕ್ಕೆ 60ರಿಂದ 70 ಭಾಗ ಮಾತ್ರ ಹಿಡಿಯುತ್ತದೆ, ಮಿಕ್ಕದ್ದು ನೀರಿನೊಡನೆ ಹೊರಹೋಗುತ್ತದೆ. ಒಂದು ಟನ್ ಹಸಿ ತೊಗಲಿಗೆ ಮೂವತ್ತು ನಲವತ್ತು ಸಾವಿರ ಲೀಟರ್ ನೀರು ಬೇಕು. ಅಷ್ಟೆಲ್ಲ ಆದ ಮೇಲೆ ದೊರೆಯುವ ಚರ್ಮ ಸುಮಾರು 200ರಿಂದ 250 ಕಿಲೋ. ಕ್ರೋಮಿಯಂ ಸೇರಿದ ಹೆರೆಗಳು, ಕೆಸರು, ಉಪ್ಪು ಹಿಂದೆ ಉಳಿಯುತ್ತವೆ.

ಸರ್ವೋಚ್ಚ ನ್ಯಾಯಾಲಯವು 1987ರಲ್ಲಿ ಕಾನ್ಪುರದ ಜಾಜ್‌ಮೌ ಟ್ಯಾನರಿಗಳು ಗಂಗೆಯನ್ನು ಮಲಿನಗೊಳಿಸುತ್ತಿರುವ ಬಗ್ಗೆ ಆದೇಶ ನೀಡಿತು. 1996ರ ಆಗಸ್ಟ್‌ನಲ್ಲಿ ವೆಲ್ಲೂರು ನಾಗರಿಕರ ಮೊಕದ್ದಮೆಯ ತೀರ್ಪಿನಲ್ಲಿ, ಮಲಿನಗೊಳಿಸಿದವನೇ ನಷ್ಟ ತೆರಬೇಕೆಂಬ ತತ್ತ್ವವನ್ನು ಈ ದೇಶದ ಕಾನೂನಿನ ಭಾಗವೆಂದು ಸಾರಿತು. ಟ್ಯಾನರಿ ಪ್ರದೇಶದಲ್ಲಿ ಸುಮಾರು 35,000 ಹೆಕ್ಟೇರ್ ಸಾಗುವಳಿ ಭೂಮಿ ಪೂರ್ತಿಯಾಗಿಯೋ ಭಾಗಶಃವಾಗಿಯೋ ಬೇಸಾಯಕ್ಕೆ ಬಾರದಂತಾಗಿದೆ ಎಂಬ ಸಮೀಕ್ಷೆಯ ಅಂಶ ಆ ತೀರ್ಪಿನಲ್ಲಿಯೇ ದಾಖಲಾಗಿದೆ. ಮತ್ತೆ 2025ರ ಜನವರಿಯಲ್ಲಿ, ಅಂದರೆ ಮೂರು ದಶಕಗಳಿಗೆ ಸಮೀಪಿಸಿದ ಮೇಲೆಯೂ, ಅದೇ ವೆಲ್ಲೂರು ಸೀಮೆಯ ಸಂತ್ರಸ್ತರ ಪರಿಹಾರಕ್ಕಾಗಿ ಅದೇ ನ್ಯಾಯಾಲಯ ಆದೇಶ ಹೊರಡಿಸಬೇಕಾಯಿತು. ರಾಣಿಪೇಟೆಯಲ್ಲಿ 2015ರ ಜನವರಿ 31ರಂದು ಟ್ಯಾನರಿ ಕೆಸರಿನ ತೊಟ್ಟಿಯ ಗೋಡೆ ಕುಸಿದು, ಪಕ್ಕದಲ್ಲಿ ಮಲಗಿದ್ದ 10 ಮಂದಿ ಕಾರ್ಮಿಕರು ಪ್ರಾಣ ಬಿಟ್ಟರು. ಸಂಜ್ಞಿ ಪಂಚೇಂದ್ರಿಯ ಜೀವಗಳ ಲೆಕ್ಕದಲ್ಲಿ ಇವರೂ ಇದ್ದಾರೆ.

ಇಲ್ಲಿ ಒಂದು ನ್ಯಾಯದ ಮಾತನ್ನು ಹೇಳಲೇಬೇಕು. ಹದಕ್ಕೆ ಬಳಸುವ ಮೂರು ವೇಲೆನ್ಸಿಯ ಕ್ರೋಮಿಯಮ್ಮೂ, ಕ್ಯಾನ್ಸರ್‌ಕಾರಕವೆಂದು ಸಿದ್ಧವಾಗಿರುವ ಆರು ವೇಲೆನ್ಸಿಯ ಕ್ರೋಮಿಯಮ್ಮೂ ಒಂದೇ ಅಲ್ಲ. ಮೊದಲನೆಯದು ಅಷ್ಟು ವಿಷವಲ್ಲ. ಆದರೆ ಹದದ ಲವಣವನ್ನು ತಯಾರಿಸುವುದು ಆರು ವೇಲೆನ್ಸಿಯ ಕ್ರೋಮೇಟಿನಿಂದ. ರಾಣಿಪೇಟೆಯಲ್ಲಿ ಮುಚ್ಚಿಹೋದ ಕ್ರೋಮೇಟ್ ಕಾರ್ಖಾನೆಯೊಂದು ಬಿಟ್ಟುಹೋದ ಲಕ್ಷಕ್ಕೂ ಹೆಚ್ಚು ಟನ್ ತ್ಯಾಜ್ಯದ ಗುಡ್ಡೆ ಅಂತರ್ಜಲವನ್ನು ಕೆಡಿಸಿದ ಸಂಗತಿ ಪ್ರಸಿದ್ಧ. ಸಿದ್ಧವಾದ ಚರ್ಮದಲ್ಲಿಯೂ ಬಿಸಿ, ಬೆಳಕು, ಕೆಲವು ಬಗೆಯ ಕೊಬ್ಬುಗಳ ಕಾರಣದಿಂದ ಮೂರು ವೇಲೆನ್ಸಿಯದು ಆರಾಗಿ ಪರಿವರ್ತನೆಯಾಗಬಲ್ಲದು. ಮೈಗೆ ತಾಗುವ ಚರ್ಮದ ವಸ್ತುಗಳಲ್ಲಿ ಅದು ಕಿಲೋಗೆ 3 ಮಿಲಿಗ್ರಾಂ ಮೀರಬಾರದೆಂದು ಯೂರೋಪಿನ ಒಕ್ಕೂಟ 2015ರ ಮೇ ತಿಂಗಳಿನಿಂದ ಕಟ್ಟಳೆ ಮಾಡಿರುವುದು ಇದಕ್ಕಾಗಿಯೇ. ಕ್ರೋಮಿಯಮ್ಮನ್ನು ನೀರಿನಿಂದ ಮರಳಿ ಪಡೆಯುವ, ಹೆಚ್ಚಿಗೆ ಹೀರಿಸುವ ವಿಧಾನಗಳೂ ಇವೆ. ಚೆನ್ನೈಯ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ಈ ದಿಕ್ಕಿನಲ್ಲಿ ಬಹಳ ಕೆಲಸ ಮಾಡಿದೆ. ಅವು ನೀರಿನ ಹೊರೆಯನ್ನು ತಗ್ಗಿಸುತ್ತವೆ, ಪಶುವಿನ ಹೊರೆಯನ್ನು ತಗ್ಗಿಸುವುದಿಲ್ಲ.

ಈಗ ಮೊದಲನೆಯ ಸಮಾಧಾನಕ್ಕೆ ಬರೋಣ. ಉಪ ಉತ್ಪನ್ನವೆಂದರೆ ಬಿಟ್ಟಿ ಉತ್ಪನ್ನವೆಂದು ಅರ್ಥವಲ್ಲ. ತೊಗಲಿಗೆ ಬೆಲೆಯಿರುವ ತನಕ ಆ ಬೆಲೆ ಸಂತೆಯಲ್ಲಿ ಪಶುವಿನ ಬೆಲೆಯೊಳಗೆ ಸೇರಿಯೇ ಇರುತ್ತದೆ. ತೊಗಲನ್ನು ಕೊಳ್ಳುವವನು ಕಸಾಯಿಖಾನೆಯ ಲೆಕ್ಕದ ಒಂದು ಸಾಲನ್ನು ತುಂಬಿಕೊಡುತ್ತಾನೆ. ನಮ್ಮ ಶಾಸ್ತ್ರಕಾರರು ಇಂಥ ನುಣುಚುವಿಕೆಗೆ ಎಡೆಯನ್ನೇ ಇಟ್ಟಿಲ್ಲ. ಸಂರಂಭ, ಸಮಾರಂಭ, ಆರಂಭಗಳೆಂಬ ಮೂರನ್ನು ಮನ ವಚನ ಕಾಯಗಳ ಮೂರರಿಂದಲೂ, ಕೃತ ಕಾರಿತ ಅನುಮತಗಳ ಮೂರರಿಂದಲೂ, ನಾಲ್ಕು ಕಷಾಯಗಳಿಂದಲೂ ಗುಣಿಸಿ 108 ಬಗೆಗಳನ್ನು ಎಣಿಸಿದ್ದಾರೆ. ಜಪಮಾಲೆಯ ಮಣಿಗಳನ್ನು ಎಣಿಸುವಾಗ ಈ 108ನ್ನು ಸ್ಮರಿಸುವ ನಾವು, ಅಂಗಡಿಯಲ್ಲಿ ಬೆಲೆ ತೆರುವಾಗ ಕಾರಿತವೂ ಅನುಮತವೂ ಅದರಲ್ಲಿವೆಯೆಂಬುದನ್ನು ಮರೆಯುತ್ತೇವೆ.

ಹಾಲು ಕುಡಿಯುವ ನಾವು ಚರ್ಮವನ್ನು ಹೇಗೆ ಪ್ರಶ್ನಿಸೋಣವೆಂದು ಕೆಲವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಬತ್ತಿದ ಹಸು, ಗಂಡು ಕರು ಎಲ್ಲಿಗೆ ಹೋಗುತ್ತವೆಂಬುದನ್ನು ವಿಚಾರಿಸದೆ ಹಾಲು ಕೊಳ್ಳುವುದೂ ಪ್ರಮಾದವೇ. ಆದರೆ ಒಂದು ತಪ್ಪನ್ನು ಇನ್ನೂ ತಿದ್ದಿಕೊಂಡಿಲ್ಲವೆಂಬುದು ಎರಡನೆಯದನ್ನು ಉಳಿಸಿಕೊಳ್ಳಲು ಪರವಾನಗಿಯಾಗದು. ರೆಕ್ಸಿನ್ನೂ ಪೆಟ್ರೋಲಿಯಮ್ಮಿನ ಕೂಸಲ್ಲವೆ ಎಂಬ ಮಾತಿಗೂ ಇದೇ ಉತ್ತರ. ಅದರಲ್ಲಿಯೂ ದೋಷವಿದೆ. ಹತ್ತಿಯ ಕ್ಯಾನ್ವಾಸು, ಸೆಣಬು, ರಬ್ಬರುಗಳಿವೆ. ಎಲ್ಲಕ್ಕಿಂತ ಮೇಲಾಗಿ, ಇರುವ ಒಂದು ಜೊತೆ ಸವೆಯುವ ತನಕ ಇನ್ನೊಂದನ್ನು ಕೊಳ್ಳದಿರುವ ಪರಿಗ್ರಹ ಪರಿಮಾಣ ವ್ರತವಿದೆ.

ಕೊನೆಯದು ಉದ್ಯೋಗೀ ಹಿಂಸೆಯ ವಾದ. ಇದನ್ನು ಪರರ ಮೇಲೆ ಹೊರಿಸಿ ಬರೆಯಲು ನನಗೆ ಅಧಿಕಾರವಿಲ್ಲ. ನಮ್ಮ ಕುಟುಂಬ ರಾಸಾಯನಿಕಗಳ ಸಗಟು ವ್ಯಾಪಾರದಲ್ಲಿತ್ತು. ಸೋಡಿಯಂ ಸಲ್ಫೈಡ್, ಬೇಸಿಕ್ ಕ್ರೋಮಿಯಂ ಸಲ್ಫೇಟುಗಳ 25 ಕಿಲೋ ಚೀಲಗಳನ್ನು ವರ್ಷಗಟ್ಟಲೆ ಟ್ಯಾನರಿಗಳಿಗೆ ಕಳುಹಿಸಿದ್ದೇವೆ. ತೊಗಲನ್ನು ನಾವು ಮುಟ್ಟಲಿಲ್ಲ, ಮಾರಿದ್ದು ಪುಡಿ ಮಾತ್ರ ಎಂದು ನಮ್ಮ ತಂದೆಯವರು ಹೇಳುತ್ತಿದ್ದರು, ನಾನೂ ಹೇಳುತ್ತಿದ್ದೆ. ಬಾಕಿ ವಸೂಲಿಗೆಂದು ಒಮ್ಮೆ ಟ್ಯಾನರಿಯ ಒಳಗೆ ಹೋದಾಗ, ಸುಣ್ಣದ ಗುಂಡಿಯಲ್ಲಿ ಮೊಣಕಾಲ ತನಕ ನಿಂತು ತೊಗಲು ಎಳೆಯುತ್ತಿದ್ದವನ ಬರಿಗಾಲನ್ನು ಕಂಡೆ. ನಮ್ಮ ಅಂಗಡಿಯ ಹೆಸರಿದ್ದ ಖಾಲಿ ಚೀಲವನ್ನು ಅವನು ಸೊಂಟಕ್ಕೆ ಸುತ್ತಿಕೊಂಡಿದ್ದ. ಆ ಬಾಬತ್ತನ್ನು ಪೂರ್ತಿ ನಿಲ್ಲಿಸಲು ಅನಂತರವೂ ನನಗೆ ಆರು ವರ್ಷ ಹಿಡಿಯಿತು. ಆ ಲಾಭದಲ್ಲಿ ಬಸದಿಯೊಂದರ ಜೀರ್ಣೋದ್ಧಾರಕ್ಕೆ ಕೊಟ್ಟ ದಾನದ ಕಲ್ಲು ಇಂದಿಗೂ ಗೋಡೆಯಲ್ಲಿದೆ. ಹಣ ಎಲ್ಲಿಂದ ಬಂತೆಂದು ಯಾರೂ ಕೇಳಲಿಲ್ಲ.

ಉದ್ಯೋಗೀ ಹಿಂಸೆ ಗೃಹಸ್ಥನಿಗೆ ತಪ್ಪಿಸಲಾಗದ್ದೆಂದು ಒಪ್ಪಿಕೊಂಡವರು, ಎಲ್ಲ ಉದ್ಯೋಗವೂ ಸಮವೆಂದು ಹೇಳಲಿಲ್ಲ. ಪಂಡಿತ ಆಶಾಧರರು ಹದಿಮೂರನೆಯ ಶತಮಾನದ ತಮ್ಮ ಸಾಗಾರಧರ್ಮಾಮೃತದಲ್ಲಿ ಹದಿನೈದು ಖರಕರ್ಮಗಳನ್ನು ಹೆಸರಿಸಿದ್ದಾರೆ. ವಿಷದ ವಾಣಿಜ್ಯ, ಪ್ರಾಣಿಯ ದಂತ ಮೊದಲಾದ ಅಂಗಗಳ ವಾಣಿಜ್ಯ, ಜಲಾಶಯವನ್ನು ಬತ್ತಿಸುವ ಕೆಲಸ ಇವು ಅವುಗಳಲ್ಲಿವೆ. ಒಂದು ಕ್ರೋಮಿಯಂ ಪಾದರಕ್ಷೆಯಲ್ಲಿ ಈ ಮೂರೂ ಒಟ್ಟಿಗೆ ಕೂಡಿಬಂದಿವೆಯೆಂದರೆ ಅತಿಶಯೋಕ್ತಿಯಾಗದು. ಶ್ರಾವಕನ ಗುಣಗಳನ್ನು ಹೇಳುವಾಗ ಅವರು ನ್ಯಾಯದಿಂದ ಗಳಿಸಿದ ಧನವನ್ನು ಮೊದಲಿಗೆ ಇಟ್ಟದ್ದನ್ನೂ ನೆನೆಯಬೇಕು. ವಿಶ್ವಸ್ತ ಮಂಡಳಿಗಳು ದಾನಿಯ ಹೆಸರನ್ನು ಕಲ್ಲಿನಲ್ಲಿ ಕೆತ್ತುವ ಮುನ್ನ ಈ ಗುಣವನ್ನು ವಿಚಾರಿಸಿದ ಉದಾಹರಣೆಗಳು ಎಷ್ಟಿವೆ?

ಈ ಮಾತನ್ನು ಓದಿ ಯಾರಾದರೂ ತೊಗಲಿನ ಕೆಲಸ ಮಾಡುವ ಜನರನ್ನು ಹೀನವಾಗಿ ಕಂಡರೆ, ಅವರು ಇದನ್ನು ತಲೆಕೆಳಗಾಗಿ ಓದಿದ್ದಾರೆಂದೇ ಅರ್ಥ. ಆ ಕೆಲಸವನ್ನು ಅವರ ಪಾಲಿಗೆ ತಳ್ಳಿದ್ದು ಸಮಾಜ. ಅದರ ಲಾಭ ಅವರಿಗೆ ದಕ್ಕಲಿಲ್ಲ, ಅದರ ಹುಣ್ಣು ದಕ್ಕಿತು. ಮಾಡುವವನನ್ನು ದೂರವಿಟ್ಟು ಮಾಡಿದ್ದನ್ನು ಧರಿಸುವುದು ಅಹಿಂಸೆಯಲ್ಲ, ಮಾನಕಷಾಯ. ಆ ಕಷಾಯದ ಬಂಧ ಕ್ರೋಮಿಯಮ್ಮಿನದಕ್ಕಿಂತ ಗಟ್ಟಿ.

ಇನ್ನೊಂದು ಸಂಗತಿಯೊಡನೆ ನಮ್ಮ ನಾಡಿನ ಹೊಣೆಯನ್ನು ಹೇಳಿ ಮುಗಿಸುತ್ತೇನೆ. ಕ್ರೋಮಿಯಮ್ಮಿನ ಅದಿರಾದ ಕ್ರೋಮೈಟ್ ಈ ದೇಶದಲ್ಲಿ ಬಹುಪಾಲು ಒಡಿಶಾದ ಸುಕಿಂದಾ ಕಣಿವೆಯಲ್ಲಿದೆ. ಆದರೆ ಕರ್ನಾಟಕದಲ್ಲಿ ಅದು ದೊರೆಯುವುದು ಹಾಸನ ಜಿಲ್ಲೆಯ ನುಗ್ಗೇಹಳ್ಳಿ ಸೀಮೆಯಲ್ಲಿ. ಅದೇ ಜಿಲ್ಲೆಯ ಬೆಟ್ಟದ ಮೇಲೆ ಗೊಮ್ಮಟೇಶ್ವರನು ದಿಗಂಬರನಾಗಿ ನಿಂತಿದ್ದಾನೆ. ಆತನಿಗೆ ಪಾದರಕ್ಷೆಯಿಲ್ಲ, ಕಟಿಬಂಧವಿಲ್ಲ. ಆತನ ಮುಂದೆ ಬರಿಗಾಲಿನಲ್ಲಿ ಬೆಟ್ಟ ಹತ್ತುವ ನಾವು ಇಳಿದು ಬಂದ ಮೇಲೆ ಏನನ್ನು ಮೆಟ್ಟುತ್ತೇವೆ ಎಂಬುದು ಯಾತ್ರೆಯ ಭಾಗವೇ ಆಗಿದೆ.

ಆದ್ದರಿಂದ ಪ್ರಾರ್ಥನೆ ಇಷ್ಟು. ಬಸದಿಯ ಫಲಕದಲ್ಲಿ, ಚರ್ಮವನ್ನು ಒಳಗೆ ತರಬಾರದೆಂಬ ಸಾಲಿನ ಕೆಳಗೆ, ಹೊರಗೂ ತ್ಯಜಿಸಿರೆಂಬ ಒಂದು ಸಾಲು ಸೇರಲಿ. ವಿಶ್ವಸ್ತ ಮಂಡಳಿಗಳು ಕಚೇರಿಯ ಕುರ್ಚಿ, ವಾಹನದ ಆಸನ, ಅತಿಥಿಗಳಿಗೆ ಕೊಡುವ ಚೀಲಗಳಿಂದ ಚರ್ಮವನ್ನು ಕೈಬಿಟ್ಟು ನಿರ್ಣಯ ಮಾಡಲಿ. ದಾನ ಸ್ವೀಕರಿಸುವಾಗ ಗಳಿಕೆಯ ಮೂಲವನ್ನು ವಿನಯದಿಂದ ವಿಚಾರಿಸುವ ಪದ್ಧತಿ ಬರಲಿ. ರಾಸಾಯನಿಕ ವ್ಯಾಪಾರದಲ್ಲಿರುವ ಬಂಧುಗಳು ತಮ್ಮ ಸರಕಿನ ಪಟ್ಟಿಯನ್ನು ಹದಿನೈದು ಖರಕರ್ಮಗಳ ಪಟ್ಟಿಯ ಪಕ್ಕದಲ್ಲಿಟ್ಟು ಒಮ್ಮೆ ಓದಲಿ. ಹುಡುಗರಿಗೆ ಶಾಲೆಯ ಬೂಟು ಕೊಳ್ಳುವ ತಾಯಂದಿರು ಕ್ಯಾನ್ವಾಸಿನದನ್ನು ಕೇಳಲಿ. ಸಂಜೆಯ ಪ್ರತಿಕ್ರಮಣದಲ್ಲಿ ಅರಿತೋ ಅರಿಯದೆಯೋ ಮಾಡಿದ ಹಿಂಸೆಗಾಗಿ ಕ್ಷಮೆ ಕೋರುತ್ತೇವೆ. ಇನ್ನು ಮೇಲೆ ಈ ಒಂದು ಹಿಂಸೆ ಅರಿಯದೆ ಮಾಡಿದುದರ ಸಾಲಿನಲ್ಲಿ ಬರುವುದಿಲ್ಲ.